ಒಲೆಗೂ ಒಂದು ಸೋಮವಾರ

ಕ್ಯಾತನಹಳ್ಳಿಯ ನಮ್ಮ ಮನೆಗೆ ಬರುವವರು ಮೊದಲು ಎತ್ತುಗಳಿಗೆ ಮುಖ ತೋರಿಸಿ ಆಮೇಲೆ ಮನುಷ್ಯರಿಗೆ ತೋರಿಸಬೇಕಿತ್ತು. ಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಮೆಟ್ಟಿಲು ಹತ್ತಿದರೆ ನಡುಮನೆ. ನಡುವೆ ಗೋಡೆ ಇರಲಿಲ್ಲ. ನಾವು ಉಣ್ಣುವಾಗ ಎತ್ತುಗಳು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ನಾವು ಜಗಳವಾಡುವಾಗ ಮಾತ್ರ ಮರ್ಯಾದಸ್ಥರಂತೆ ಮುಖ ತಿರುಗಿಸಿಕೊಳ್ಳುತ್ತಿದ್ದವು. ನಡುಮನೆಯ ಹಿಂದೆ ಅಡುಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅಲ್ಲಿಂದ ಇಳಿಯುವ ಬಿಸಿಲಿನ ಕಂಬದೊಳಗೆ ಬೆಳಗಿನಿಂದ ಸಂಜೆಯವರೆಗೆ ಹೊಗೆ ಸುತ್ತುತ್ತಿರುತ್ತಿತ್ತು. ಅಪ್ಪ ಎಲ್ಲಿ ಎಂದರೆ ಗದ್ದೆ, ಆಲೆಮನೆ, ಪಾಂಡವಪುರ ಎಂದು ದಿನಕ್ಕೊಂದು ಉತ್ತರ ಬರುತ್ತಿತ್ತು. ಅವ್ವ ಎಲ್ಲಿ ಎಂದು ಮಾತ್ರ ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ತಾತನಿಗೆ ವಾರದ ಬೇರೆ ದಿನಗಳಲ್ಲಿ ದೇವರ ಗೊಡವೆ ಅಷ್ಟಾಗಿ ಇರಲಿಲ್ಲ. ಎಲ್ಲ ಭಕ್ತಿಯನ್ನೂ ಅವನು ಸೋಮವಾರಕ್ಕೆ ಕೂಡಿಟ್ಟುಕೊಳ್ಳುತ್ತಿದ್ದ. ಸೋಮವಾರ ಶಿವನ ದಿನ, ಶಿವನ ವಾಹನ ಬಸವ, ನಮ್ಮ ಎತ್ತುಗಳು ಬಸವನ ಕುಲ. ಆದ್ದರಿಂದ ಅಂದು ಅವುಗಳ ಹೆಗಲಿಗೆ ನೊಗ ಮುಟ್ಟಿಸುವಂತಿಲ್ಲ. ನಾಲೆಯಲ್ಲಿ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಬಾಳೆ ಎಲೆಯಲ್ಲಿ ಪಾಯಸ ಬಡಿಸುತ್ತಿದ್ದರು. ಎತ್ತು ಕಟ್ಟದಿದ್ದ ಮೇಲೆ ಗಂಡಸರಿಗೂ ಗದ್ದೆಯಲ್ಲಿ ಕೆಲಸವಿಲ್ಲ. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು, ಊರಿನ ವಿಚಾರವನ್ನೆಲ್ಲ ಇತ್ಯರ್ಥ ಮಾಡಿ, ನಡುನಡುವೆ ಒಳಗೆ ಇಣುಕಿ ‘ಏನ್ ಸಾರು?’ ಎಂದು ಕೇಳುತ್ತಿದ್ದರು. ಎತ್ತಿಗೆ ಬಿಡುವಿನ ದಿನ ಒಲೆಗೆ ಎರಡರಷ್ಟು ಕೆಲಸ. ಇದನ್ನು ನಾನು ಬಹಳ ಕಾಲ ಗಮನಿಸಿಯೇ ಇರಲಿಲ್ಲ. ಗಮನಿಸಿದ್ದರೆ ಆಗಲೇ ಜಗಳ ತೆಗೆದಿರುತ್ತಿದ್ದೆ, ಯಾಕೆಂದರೆ ಆ ವರ್ಷ ನಾನು ಜಗಳಕ್ಕೆ ವಸ್ತು ಹುಡುಕುತ್ತಿದ್ದೆ.

ಪಾಂಡವಪುರದ ಹೈಸ್ಕೂಲಿಗೆ ಸೇರಿದ ಮೇಲೆ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ನಮ್ಮ ಕನ್ನಡ ಮೇಷ್ಟ್ರು. ತೆಳ್ಳಗಿನ ಮನುಷ್ಯ, ಮಾತಾಡುವಾಗ ಸೀಮೆಸುಣ್ಣವನ್ನು ಬೀಡಿಯಂತೆ ಹಿಡಿಯುತ್ತಿದ್ದರು. ಅವರು ಕಲಿಸಿದ ಮೊದಲ ಪಾಠ ನನ್ನನ್ನು ಇಂದಿಗೂ ಕೈಬಿಟ್ಟಿಲ್ಲ:

“ಎದುರಾಳಿ ಹೇಳಿದ್ದನ್ನು ಅಲ್ಲಗಳೆಯಬೇಡ. ಒಪ್ಪಿಕೋ. ಒಪ್ಪಿಕೊಂಡು, ಆ ಮಾತಿನ ಕೈ ಹಿಡಿದುಕೊಂಡು, ಅವನಿಗೆ ಇಷ್ಟವಿಲ್ಲದ ಊರಿಗೆ ನಡೆಸಿಕೊಂಡು ಹೋಗು.”

ದೇವರಿಲ್ಲ ಎಂಬ ತೀರ್ಮಾನಕ್ಕೆ ನಾನು ಆಗಲೇ ಬಂದಿದ್ದೆ. ಅದಕ್ಕೆ ದುಃಖದ ಕಾರಣವೇನೂ ಇರಲಿಲ್ಲ. ಇದ್ದಾನೆ ಎನ್ನುವವರ ವಾದ ನನಗೆ ತೀರ ಸಡಿಲವಾಗಿ ಕಂಡಿತ್ತು, ಅಷ್ಟೇ. ಮೇಷ್ಟ್ರು ಕಲಿಸಿದ್ದನ್ನು ಶಾಲೆಯಲ್ಲಿ ಪ್ರಯೋಗಿಸುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಮನೆಯಲ್ಲಾದರೆ ದಿನವೂ ಅವಕಾಶ. ಹೊಸಿಲಿನ ಮೇಲೆ ಕೂರಬಾರದು ಯಾಕೆ, ಮುಟ್ಟಾದವರು ಉಪ್ಪಿನಕಾಯಿ ಮುಟ್ಟಿದರೆ ಕೆಡುವುದು ಉಪ್ಪಿನಕಾಯಿಯ ತಪ್ಪೋ ಅಲ್ಲವೋ ಎಂದು ಅಜ್ಜಿಯ ಹಿಂದೆ ಬಿದ್ದು ಅವಳ ಎಲೆಅಡಿಕೆಯ ಸುಖ ಹಾಳು ಮಾಡುತ್ತಿದ್ದೆ. ತಾತ ಮಾತ್ರ ನನ್ನನ್ನು ‘ಲಾಯರಮ್ಮ’ ಎಂದು ಕರೆದು, ಸಂಜೆ ನಡುಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ‘ಇವತ್ತು ಯಾರ್ ಮೇಲಮ್ಮಿ ಕೇಸು?’ ಎನ್ನುತ್ತಿದ್ದ. ಅವನಿಗೆ ವಾದ ಕೇಳುವುದು ಇಷ್ಟ, ಸೋಲುವುದು ಇಷ್ಟವಿಲ್ಲ. ನನಗೂ ಹಾಗೇ.

ಆ ಸಂಕ್ರಾಂತಿಗೆ ಸ್ವಲ್ಪ ಮುಂಚೆ ಅಪ್ಪ ಟ್ರಾಕ್ಟರ್ ತಂದ. ಒಂದು ಜೊತೆ ಎತ್ತು, ಹಾಲಿನ ಹಸು ಗೌರಿ ಉಳಿದವು, ಇನ್ನೊಂದು ಜೊತೆಯನ್ನು ಮಾರಿದರು, ಖಾಲಿಯಾದ ಜಾಗದ ಹೊರಗೋಡೆ ಒಡೆದು ಟ್ರಾಕ್ಟರ್ ನಿಲ್ಲಿಸಿದರು. ಮಾರಿದ ಎತ್ತುಗಳ ಮೇಲಿನ ಮೋಹವೋ ಏನೋ, ಅವುಗಳಿಗೆ ಸಲ್ಲಬೇಕಾದ್ದೆಲ್ಲ ಟ್ರಾಕ್ಟರಿಗೆ ಸಲ್ಲಬೇಕೆಂದು ತಾತ ಹಟ ಹಿಡಿದ. ಸಂಕ್ರಾಂತಿಯ ದಿನ ಬಾನೆಟ್ಟಿನ ಹಣೆಗೆ ಅರಿಶಿನ ಕುಂಕುಮ ಮೆತ್ತಿ, ಮುಂದಿನ ಎರಡು ದೀಪಗಳ ಮೇಲೆ ಕೊಂಬಿನಂತೆ ಕಬ್ಬಿನ ಜಲ್ಲೆ ಕಟ್ಟಿ, ಬಲೂನು ತೂಗಿಸಿ ಊರ ಮುಂದಿನ ಬಯಲಿಗೆ ತಂದರು. ಅಲ್ಲಿ ಹುಲ್ಲು ಹರಡಿ ಬೆಂಕಿ ಹಾಕಿ ದನಗಳನ್ನು ದಾಟಿಸುವುದು ನಮ್ಮ ಕಡೆಯ ಪದ್ಧತಿ, ಕಿಚ್ಚು ಹಾಯಿಸುವುದು ಎನ್ನುತ್ತಾರೆ. ಎತ್ತುಗಳೆಲ್ಲ ಹಾರಿ ಮುಗಿದ ಮೇಲೆ ತಾತ ಟ್ರಾಕ್ಟರಿನ ಕಡೆಗೆ ಕೈ ತೋರಿಸಿದ. ಸೀಟಿನ ಮೇಲಿದ್ದ ಅಪ್ಪನ ಮುಖ ಬಿಳಿಚಿಕೊಂಡಿತು.

“ಅಪ್ಪಾ, ಇದ್ರೊಳ್ಗೆ ಡೀಸಲ್ ಐತೆ ಕಣಪ್ಪ!”

“ಎತ್ಗೆ ಬಾಲ ಇಲ್ವೇನ್ಲಾ? ಬಾಲಕ್ಕೆ ಬೆಂಕಿ ಅತ್ಕತದೆ ಅಂತ ಯಾರಾರ ಕಿಚ್ಚು ಆಯ್ಸೋದ ಬುಟ್ಟವ್ರಾ? ನಡಿ ಮುಂದ್ಕೆ.”

ಊರೆಲ್ಲ ಕೂಗಿತು. ಜ್ವಾಲೆ ತಗ್ಗುವವರೆಗೂ ಅಪ್ಪ ಏನೇನೋ ಗೇರು ಹಾಕಿದಂತೆ ನಟಿಸುತ್ತ ತಡಮಾಡಿ, ಕೊನೆಗೆ ಕಣ್ಣು ಮುಚ್ಚಿ, ಹಾರನ್ ಒತ್ತಿಕೊಂಡೇ ಕೆಂಡದ ಮೇಲೆ ಹಾಯಿಸಿಬಿಟ್ಟ. ಬಲೂನುಗಳು ಪಟಪಟ ಒಡೆದವು. ಶಿಳ್ಳೆ, ಚಪ್ಪಾಳೆ. ಆ ಗದ್ದಲದಲ್ಲಿ ನಾವು ಏನು ಒಪ್ಪಿಕೊಂಡೆವು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಮುಂದಿನ ಸೋಮವಾರ. ಕಾರ್ಖಾನೆಯಿಂದ ನಮ್ಮ ಕಬ್ಬಿನ ಕಟಾವಿಗೆ ಅಪ್ಪಣೆ ಬಂದಿತ್ತು. ಅಪ್ಪ ಟ್ರಾಕ್ಟರ್ ಶುರು ಮಾಡಿದ. ತಾತ ಬಂದು ಅದರ ಮುಂದೆ ನಿಂತ.

“ಎಲ್ಗ್ಲಾ?”

“ಕಬ್ಬು ತುಂಬೋಕೆ.”

“ಇವತ್ತು ಸೋಮ್ವಾರ.”

“ಅದು ಎತ್ಗೆ ಕಣಪ್ಪ. ಇದು ಟ್ರಾಕ್ಟ್ರು.”

“ಮೊನ್ನೆ ಕಿಚ್ಚು ಆಯ್ಸ್ವಾಗ ಏನಾಗಿತ್ತು?”

ನಾನು ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದೆ: “ತಾತ, ಎತ್ತಿಗೆ ಸುಸ್ತಾಗ್ತದೆ, ರಜ ಕೊಡ್ತೀಯ. ಕಬ್ಬಿಣಕ್ಕೆ ಎಂಥಾ ಸುಸ್ತು?”

“ಸುಸ್ತಾಗದಿದ್ರೆ ನಿಮ್ಮಪ್ಪ ಮಾತೆತ್ತಿದ್ರೆ ಮೆಕ್ಯಾನಿಕ್ ತಾವ್ಕೆ ಯಾಕ್ ಓಡ್ತಾನಮ್ಮಿ?”

ಟ್ರಾಕ್ಟರ್ ನಿಂತಿತು. ಆ ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದನ್ನು ಕಂಡು ನನಗೆ ಒಂದು ವಿಷಯ ಹೊಳೆಯಿತು: ಟ್ರಾಕ್ಟರ್ ಬಂದಾಗಿನಿಂದ ಅವನು ಹಗಲು ಮಲಗಿದ್ದೇ ಇದು ಮೊದಲು. ಊರಿನವರೆಲ್ಲ ಉಳಲು ಕರೆಯುತ್ತಿದ್ದರು. ಎತ್ತಿನ ಹೆಗಲಿನಿಂದ ಇಳಿದ ನೊಗ ಅಪ್ಪನ ಹೆಗಲಿಗೆ ಬಂದಿತ್ತು. ಯಾವ ಸರ್ಕಾರವೂ ಅವನಿಗೆ ಕೊಡದ ವಾರದ ರಜವನ್ನು ತಾತನ ಮೂಢನಂಬಿಕೆ ಕೊಟ್ಟಿತ್ತು. ಇದು ನನ್ನ ವಾದಕ್ಕೆ ಅನುಕೂಲವಲ್ಲದ ಸಂಗತಿ, ಆದ್ದರಿಂದ ಬೇಗ ಮರೆತುಬಿಟ್ಟೆ. ಆ ದಿನಗಳಲ್ಲೇ ಮೇಷ್ಟ್ರು ತಾಲೂಕು ಸ್ಪರ್ಧೆಯ ವಿಷಯ ತಂದರು: ಧರ್ಮ ಸಮಾಜವನ್ನು ಮುಂದಕ್ಕೆ ಒಯ್ಯುತ್ತದೆಯೋ, ಇದ್ದಲ್ಲೇ ನಿಲ್ಲಿಸುತ್ತದೆಯೋ? ನಾನು ಯೋಚಿಸದೆ ‘ನಿಲ್ಲಿಸುತ್ತದೆ’ ಕಡೆ ಕೈ ಎತ್ತಿದೆ. ಪುರಾವೆ ನಮ್ಮ ಕೊಟ್ಟಿಗೆಯಲ್ಲೇ ನಿಂತಿತ್ತಲ್ಲ.

ಪುಟ್ಟತಾಯಮ್ಮ ಸುದ್ದಿ ತಂದದ್ದು ಅದೇ ವಾರ. ಪಕ್ಕದ ಮನೆಯವಳು, ಗಂಡ ತೀರಿಕೊಂಡ ಮೇಲೆ ಒಂದು ಸೀಮೆಹಸು ಕಟ್ಟಿಕೊಂಡು ಮಗನನ್ನು ಓದಿಸುತ್ತಿದ್ದಳು. ಅವಳ ನಗು ಅವಳಿಗಿಂತ ಮುಂಚೆ ನಮ್ಮ ಮನೆಯೊಳಗೆ ಬರುತ್ತಿತ್ತು. ಊರಿಗೆ ಹೆಂಗಸರೇ ನಡೆಸುವ ಹಾಲಿನ ಡೈರಿ ಬರುತ್ತದಂತೆ. ಹಾಲಿನ ಜಿಡ್ಡು ಅಳೆಯಲು, ನೀರು ಬೆರೆತಿದೆಯೇ ಎಂದು ನೋಡಲು ಓದಿದ ಹೆಂಗಸೊಬ್ಬಳು ಬೇಕಂತೆ. ಪಾಂಡವಪುರದಲ್ಲಿ ವಾರಕ್ಕೊಂದು ದಿನ ಅವಳಿಗೂ, ಹಸು ಸಾಕುವ ಬೇರೆ ಹೆಂಗಸರಿಗೂ ಕಲಿಸುತ್ತಾರಂತೆ. ಸೋಮವಾರ ಬೇಸಾಯ ಕಟ್ಟುವುದಿಲ್ಲ, ಹೆಂಗಸರು ಬಿಡುವಾಗಿರುತ್ತಾರೆ ಎಂದು ಯಾರೋ ಅಧಿಕಾರಿ ಯೋಚಿಸಿ ಸೋಮವಾರವನ್ನೇ ಗೊತ್ತು ಮಾಡಿದ್ದರು. ಆ ಅಧಿಕಾರಿಯ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರೋ.

“ಓದಿರೋಳ್ ಎಸ್ರ್ನ ಈ ವಾರ ಯೋಳ್ಬೇಕಂತೆ ಕಣಕ್ಕ,” ಎಂದಳು ಪುಟ್ಟತಾಯಮ್ಮ ಅವ್ವನಿಗೆ. “ಇಲ್ದಿದ್ರೆ ಡೈರಿನ ಬ್ಯಾರೆ ಊರ್ಗೆ ಕೊಟ್ಬುಡ್ತಾರಂತೆ. ನಮ್ಮ ಬೀದೀಲಿ ಎಸ್ಸೆಸ್ಸೆಲ್ಸಿ ಪಾಸಾದೋಳು ನೀನೊಬ್ಳೇಯ.”

ಅವ್ವ ದೇವಲಾಪುರದ ಕಡೆಯವಳು. ಅಲ್ಲಿನ ಬೆದ್ದಲು ನೆಲದಲ್ಲಿ ಹುರುಳಿ, ರಾಗಿ ಬೆಳೆದುಕೊಂಡು ಅವರಪ್ಪ ಅವಳನ್ನು ಹಟದಿಂದ ಓದಿಸಿದ್ದರು. ಆ ಓದು ನಮ್ಮ ಮನೆಯಲ್ಲಿ ಔಷಧಿ ಸೀಸೆಯ ಮೇಲಿನ ಅಕ್ಷರ ಓದುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಒರಳಿನ ಮುಂದೆ ಕೂತು ಖಾರ ರುಬ್ಬುತ್ತಿದ್ದ ಅವ್ವನ ಕೈ ನಿಂತಿತು. ಅವಳು ಆ ಮನೆಯಲ್ಲಿ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೇಳಲು ಅಭ್ಯಾಸವಿಲ್ಲದವರು ಕೇಳುವ ಹಾಗೆ, ರುಬ್ಬುಗುಂಡನ್ನೇ ನೋಡುತ್ತ ಕೇಳಿದಳು:

“ಅತ್ತೆ, ನಾನು ಓಗ್ಲಾ?”

“ಸೋಮ್ವಾರವಾ?” ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆ ಎತ್ತಿದಳು. “ಭಾಳ ಒಳ್ಳೆ ದಿನ ನೋಡ್ಕಂಡಿದ್ದೀಯ. ಎಡೆ ಮಾಡೋರ್ಯಾರು? ಗಂಡಸ್ರೆಲ್ಲ ಮನೇಲಿರ್ತಾರೆ, ಅವ್ರ ತಟ್ಟೆಗೆ ನಿನ್ನ ಎಸ್ಸೆಸ್ಸೆಲ್ಸಿ ಬಡಿಸ್ಲಾ? ನನ್ನ ಮಂಡಿ ನೋಡಿದ್ರೆ ಇಂಗೆ. ಮಂಗಳ್ವಾರ ಅನ್ನು, ಬುಧ್ವಾರ ಅನ್ನು. ಸೋಮ್ವಾರ ಆಗಾಕಿಲ್ಲ.”

ಅವ್ವ “ಆಯ್ತು ಬುಡಿ” ಎಂದು ಮತ್ತೆ ರುಬ್ಬತೊಡಗಿದಳು. ಆ ಕಲ್ಲಿನ ಸದ್ದು ಮೊದಲಿಗಿಂತ ಜೋರಾಗಿತ್ತು. ನನಗೆ ಮೈ ಉರಿಯಿತು, ಜೊತೆಗೆ ಒಳಗೊಳಗೇ ಖುಷಿಯೂ ಆಯಿತು. ಇಷ್ಟು ಚೆಂದದ ಮೊಕದ್ದಮೆ ನನಗೆ ಮತ್ತೆ ಎಲ್ಲಿ ಸಿಗಬೇಕು?

ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಎಲ್ಲರೂ ಸೇರಿದ್ದರು. ಹಾಲಿಗೆ ಹೆಪ್ಪು ಕೇಳಲು ಬಂದ ಪುಟ್ಟತಾಯಮ್ಮನೂ ಕಂಬಕ್ಕೆ ಒರಗಿ ಕೂತಳು. ನಾನು ಮೇಷ್ಟ್ರು ಹೇಳಿಕೊಟ್ಟಂತೆ ಒಪ್ಪಿಗೆಯಿಂದಲೇ ಶುರು ಮಾಡಿದೆ.

“ತಾತ, ಎತ್ತಿಗೆ ಯಾಕೆ ರಜ?”

“ಬಸವ ಕಣಮ್ಮಿ. ಪೂಜೆ ಆಯ್ತದೆ, ಹಣೇಲಿ ಕುಂಕ್ಮ ಐತೆ.”

“ಟ್ರಾಕ್ಟರಿಗೆ?”

“ಅದ್ಕೂ ಕುಂಕ್ಮ ಇಟ್ಟಿದ್ದೀವಿ, ಅದೂ ಬಸವನೇಯ.”

“ಅಂದ್ರೆ ಹಣೇಲಿ ಕುಂಕುಮ ಇರೋದಕ್ಕೆಲ್ಲ ಸೋಮವಾರ ರಜ. ಒಪ್ಪಿದೆ. ಅವ್ವನ ಹಣೆ ನೋಡು.”

ಅಪ್ಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ತಾತ ತೊಡೆ ತಟ್ಟಿ ನಕ್ಕ.

“ನಿನ್ನ ಬಾಯ್ಗೆ ಸಕ್ರೆ ಆಕ! ಅಲ್ಲ ಕಣಮ್ಮಿ, ನಿಮ್ಮವ್ವ ಏನು ಎತ್ತಾ? ಮನೆ ಲಕ್ಸ್ಮಿ ಕಣವ್ವ ಅವ್ಳು.”

“ಲಕ್ಷ್ಮಿ ಎತ್ತಿಗಿಂತ ಕಡಿಮೆನಾ?”

“ಯಾವನ್ ಅಂದೋನು ಕಡ್ಮೆ ಅಂತ? ಲಕ್ಸ್ಮಿ ದಿನ ಶುಕ್ರವಾರ. ಶುಕ್ರವಾರ ಓಗ್ಲಿ ನಿಮ್ಮವ್ವ, ನಾನು ಬ್ಯಾಡ ಅಂದ್ರೆ ಕೇಳು.”

ಪಾಂಡವಪುರದಲ್ಲಿ ಶುಕ್ರವಾರ ಏನೂ ಇರಲಿಲ್ಲ ಎಂಬುದು ಅವನಿಗೂ ಗೊತ್ತು. ನನ್ನ ಕೈ ಹಿಡಿದು ನನಗೆ ಇಷ್ಟವಿಲ್ಲದ ಊರಿಗೆ ಅವನೇ ಕರೆದುಕೊಂಡು ಹೋಗಿದ್ದ, ಮೇಷ್ಟ್ರ ಪಾಠವಿಲ್ಲದೆ. ಆದರೆ ನನ್ನ ವಾದಕ್ಕೆ ನಿಜವಾದ ಏಟು ಬಿದ್ದದ್ದು ಕಂಬದ ಕಡೆಯಿಂದ.

“ಅಲ್ಲ ಮಗಾ,” ಪುಟ್ಟತಾಯಮ್ಮ ನಗುತ್ತಲೇ ಕೇಳಿದಳು, “ಕುಂಕ್ಮ ಇದ್ದೋರ್ಗೆ ರಜ ಅಂದ್ಯಲ್ಲ. ನನ್ನ ಹಣೇಲಿ ಇಲ್ವಲ್ಲ. ನಾನು ಏಳೂ ದಿನ ಗೇದ್ಕಂಡು ಸಾಯ್ಲಾ?”

ಎಲ್ಲರೂ ನಕ್ಕರು, ಅವಳೇ ಎಲ್ಲರಿಗಿಂತ ಜೋರಾಗಿ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಹೆಂಗಸರ ಪರವಾಗಿ ನಿಂತಿದ್ದೇನೆ ಎಂದುಕೊಂಡು, ಡೈರಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳನ್ನೇ ಬಾಗಿಲಾಚೆ ನಿಲ್ಲಿಸಿದ್ದೆ. ಬಿಸಿ ಮುದ್ದೆಯ ತಟ್ಟೆ ತಂದ ಅವ್ವ ಪುಟ್ಟತಾಯಮ್ಮನ ಹಣೆಯನ್ನು ಒಂದು ಕ್ಷಣ ನೋಡಿದಳು. ತಟ್ಟೆ ಇಟ್ಟು ಒಳಗೆ ಹೋದಳು.

ಭಾನುವಾರ ಸಂಜೆ ಅವ್ವ ಎಂದಿಗಿಂತ ಹೆಚ್ಚು ಮುದ್ದೆ ಕಟ್ಟಿದಳು. ಯಾರೋ ನೆಂಟರು ಬರುತ್ತಾರೆ ಎಂದುಕೊಂಡೆ. ಸೋಮವಾರ ಬೆಳಗ್ಗೆ ಎದ್ದು ಅಡುಗೆಮನೆಗೆ ಹೋದರೆ ಏನೋ ವಿಚಿತ್ರ ಅನ್ನಿಸಿತು; ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗಾಜಿನ ಹೆಂಚಿನ ಬಿಸಿಲಿನಲ್ಲಿ ಹೊಗೆ ಇರಲಿಲ್ಲ. ಆ ಬೆಳಕು ಅಷ್ಟು ಚೊಕ್ಕವಾಗಿ ನೆಲಕ್ಕೆ ಇಳಿಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಲೆಯ ಬೂದಿ ತೆಗೆದು, ಸಗಣಿಯಿಂದ ಸಾರಿಸಿ, ಮೂರು ಒಲೆಗುಂಡಿಗೂ ರಂಗೋಲಿ ಎಳೆದು, ನೆತ್ತಿಗೆ ಕುಂಕುಮ ಇಟ್ಟು, ಮೇಲೊಂದು ದಾಸವಾಳ ಏರಿಸಿತ್ತು. ಪಕ್ಕದಲ್ಲಿ ಮಡಕೆಯ ತುಂಬ ಮಜ್ಜಿಗೆ, ಅದರೊಳಗೆ ರಾತ್ರಿಯ ಮುದ್ದೆ ಕಿವುಚಿ ಬಿಟ್ಟಿತ್ತು. ಬಸವನ ಎಡೆಗೆಂದು ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು ಎಲೆಯಲ್ಲಿ ಸಿದ್ಧವಾಗಿತ್ತು. ಅವ್ವ ತಲೆಗೆ ನೀರು ಹಾಕಿಕೊಂಡು ಮದುವೆಗೆ ಉಡುವ ನೀಲಿ ಸೀರೆ ಉಟ್ಟಿದ್ದಳು.

“ಏನಮ್ಮಿ ಇದು? ಒಲೆ ಯಾಕ್ ಅಚ್ಚಿಲ್ಲ?” ಅಜ್ಜಿ ಮಂಡಿ ಹಿಡಿದುಕೊಂಡು ಬಂದಳು.

“ಒಲೆಗೆ ಸೋಮ್ವಾರ ಅತ್ತೆ. ನಮ್ಮ ಗೌರಿ ಕರು ಆಕುವಾಗ ಅಷ್ಟು ಕಷ್ಟ ಪಟ್ಲಲ್ಲ, ತಾಯಿ ಮರಿ ಎರಡೂ ಉಳ್ಕಂಡ್ವು. ಅದ್ಕೆ ಬಸಪ್ಪನ್ಗೆ ಅರಕೆ ಒತ್ತಿದ್ದೀನಿ. ಸೋಮ್ವಾರ ಸೋಮ್ವಾರ ಒಲೆಗೆ ಪೂಜೆ, ಬೆಂಕಿ ಇಲ್ಲ.”

ಅಜ್ಜಿ ಅವಳ ಮುಖ ನೋಡಿದಳು, ಒಲೆಯ ಮುಖ ನೋಡಿದಳು, ಗೋಡೆಯ ಗೂಡಿನಿಂದ ಬೆಂಕಿಪೊಟ್ಟಣ ತೆಗೆದುಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಡ್ಡಿ ಹೊರಗೆ ಬಂತು. ಗಲಾಟೆ ಕೇಳಿ ತಾತ, ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಪುಟ್ಟತಾಯಮ್ಮ ಬೀದಿಯಿಂದ ‘ಅಕ್ಕಾ, ಬಸ್ಸು ಬರೋ ಒತ್ತಾಯ್ತು’ ಎಂದು ಕೂಗಿದಳು. ನಾನು ಅವ್ವನ ಕೈ ನೋಡಿದೆ. ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿಬಿಟ್ಟಿದ್ದಳು. ಅಜ್ಜಿ ಆ ಕಡ್ಡಿ ಗೀರಿದರೆ ಪಾಂಡವಪುರವೂ ಇಲ್ಲ, ಡೈರಿಯೂ ಇಲ್ಲ.

“ಲೇ, ಬ್ಯಾಡ ಕಣೆ,” ಎಂದ ತಾತ. “ಕುಂಕ್ಮ ಇಟ್ಟವ್ಳೆ.”

“ಇಟ್ರೆ ಇಟ್ಲು! ಒಲೇನೂ ನಿನ್ನ ಬಸವನಾ?”

ಆಗ ಅಪ್ಪ, ಇಡೀ ಬಾಳಿನಲ್ಲಿ ನಾನು ಅವನಿಂದ ಕೇಳಿದ ಅತ್ಯುತ್ತಮ ವಾದವನ್ನು ಮಂಡಿಸಿದ. ಅವನು ಯಾರ ಪರವಾಗಿಯೂ ಮಂಡಿಸಲಿಲ್ಲ. ತನ್ನ ಕಬ್ಬು ಒಣಗುತ್ತಿದೆ ಎಂಬ ಸಂಕಟಕ್ಕೆ ಹೇಳಿದ, ಅಷ್ಟೇ.

“ಅಚ್ಲಿ ಬುಡಪ್ಪ. ಅವ್ವ ಒಲೆ ಅಚ್ಲಿ, ನಾನೂ ಟ್ರಾಕ್ಟ್ರು ತೆಗೀತೀನಿ. ಕುಂಕ್ಮ ಲೆಕ್ಕಕ್ಕಿಲ್ಲ ಅಂದ್ರೆ ಎರಡ್ಕೂ ಇಲ್ಲ.”

ತಾತ ಬಾಗಿಲ ಚೌಕಟ್ಟು ಹಿಡಿದು ನಿಂತ. ಒಲೆ ಉರಿದರೆ ಟ್ರಾಕ್ಟರ್ ಓಡುತ್ತದೆ. ಟ್ರಾಕ್ಟರ್ ಓಡಿದರೆ ನಾಳೆ ಎತ್ತಿನ ಸೋಮವಾರವೂ ಉಳಿಯುವುದಿಲ್ಲ. ಅದು ಉಳಿಯದಿದ್ದರೆ ಮನೆಯಲ್ಲಿ ತನ್ನ ಮಾತು ಉಳಿಯುವುದಿಲ್ಲ. ಅವನು ಇದನ್ನೆಲ್ಲ ಹೀಗೆ ಬಿಡಿಸಿ ಯೋಚಿಸಿದನೋ ಇಲ್ಲವೋ ನಾನು ಹೇಳಲಾರೆ. ಒಳಗೆ ಬಂದು, ಅಜ್ಜಿಯ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು ತನ್ನ ಬನಿಯನ್ ಜೇಬಿಗೆ ಹಾಕಿಕೊಂಡ. ನೆಲದ ಮೇಲೆ ಕೂತು, “ಆಕವ್ವ ಅದೇನು ಮಾಡಿದ್ದೀಯೋ” ಎಂದು ಸೊಸೆಯ ಮುಂದೆ ತಟ್ಟೆ ಒಡ್ಡಿದ. ಅವ್ವ ಮಜ್ಜಿಗೆಯ ಅಂಬಲಿ ಸುರಿದು, ಈರುಳ್ಳಿ, ಹಸಿಮೆಣಸಿನಕಾಯಿ ಇಟ್ಟಳು. ತಾತ ಸೊರ್ ಎಂದು ಕುಡಿದು ಮೀಸೆ ಒರೆಸಿಕೊಂಡ.

“ಚೆಂದಾಗೈತೆ. ತಂಪು.”

“ತಂಪಂತೆ! ನಿನ್ನ ಟ್ರಾಕ್ಟ್ರು ಕೆಟ್ಟೋಗ,” ಎಂದಳು ಅಜ್ಜಿ. “ಎಲ್ಲ ಅದ್ರಿಂದ ಬಂದಿದ್ದು.”

ಅವ್ವ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮೊದಲು ಹೋದದ್ದು ಬಸ್ಸಿಗಲ್ಲ, ಪಕ್ಕದ ಮನೆಗೆ. ನಾನು ಹಿಂದೆಯೇ ಓಡಿದೆ. “ಒಲೆ ಸಾರಿಸಿದ್ದೀಯಾ?” ಎಂದು ಕೇಳಿ, ಬಟ್ಟಲನ್ನು ಪುಟ್ಟತಾಯಮ್ಮನ ಮುಂದೆ ಹಿಡಿದಳು. ಪುಟ್ಟತಾಯಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

“ಅಯ್ಯೋ, ನಾನು ಮುಟ್ಬೋದೇನಕ್ಕ? ನೀನೇ ಇಟ್ಬುಡು.”

“ನಿನ್ನ ಒಲೆಗೆ ನಾನ್ಯಾಕೆ ಇಡ್ಲಿ? ಒಲೆಗೆ ಗಂಡ ಇದ್ದಾನಾ ಸತ್ತವ್ನಾ ಅಂತ ಯಾವ ಬಸಪ್ಪ ಕೇಳ್ತಾನೆ? ಬೇಗ ಇಡು, ಬಸ್ಸು ಓಯ್ತದೆ.”

ಪುಟ್ಟತಾಯಮ್ಮ ಬೆರಳು ಅದ್ದಿ ಒಲೆಗೆ ಇಟ್ಟಳು. ಆ ಬೆರಳನ್ನು ಸೆರಗಿಗೂ ಒರೆಸಲಿಲ್ಲ, ನೀರಿಗೂ ಹಿಡಿಯಲಿಲ್ಲ. ಬಸ್ಸಿನ ಕಂಬಿ ಹಿಡಿದು ಹತ್ತುವಾಗಲೂ ಅದು ಕೆಂಪಾಗೇ ಇತ್ತು. ಹಣೆಯ ಮೇಲಿನ ಕುಂಕುಮದಿಂದ ನಾನು ಕಟ್ಟಿದ ವಾದದಲ್ಲಿ ಒಂದು ತೂತು ಇತ್ತಲ್ಲ, ಅದನ್ನು ಅವ್ವ ಕುಂಕುಮವನ್ನೇ ಹಣೆಯಿಂದ ಒಲೆಗೆ ಸ್ಥಳಾಂತರಿಸಿ ಮುಚ್ಚಿದ್ದಳು. ಕುಂಕುಮವಿಲ್ಲದ ಹಣೆಗಳು ಊರಲ್ಲಿದ್ದವು. ಒಲೆಯಿಲ್ಲದ ಹೆಂಗಸು ಮಾತ್ರ ಇರಲಿಲ್ಲ.

ನನಗೆ ಸಂತೋಷವಾಯಿತೇ? ಆಯಿತು. ಸಿಟ್ಟೂ ಬಂತು. ಗೆದ್ದದ್ದು ಸರಿ, ಗೆದ್ದ ರೀತಿ ಸರಿಯಿಲ್ಲ ಎಂದು ನನ್ನ ಅಭಿಪ್ರಾಯ. ಅವ್ವ ವಾಪಸು ಬಂದು ಹಿತ್ತಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದಾಗ ಅಡ್ಡ ಸವಾಲಿಗೆ ನಿಂತೆ.

“ನಿಜ ಹೇಳು. ಗೌರಿ ಕರು ಹಾಕುವಾಗ ಹರಕೆ ಹೊತ್ತಿದ್ದೆಯಾ?”

“ಇಲ್ಲ. ಮೊನ್ನೆ ಒತ್ತೆ.”

“ಕರು ಹುಟ್ಟಿ ಎಷ್ಟು ಕಾಲ ಆಯ್ತು! ಹರಕೆ ಮೊದಲು ಹೊರಬೇಕು, ಆಮೇಲೆ ಕೆಲಸ ಆಗಬೇಕು. ಇದೆಂಥಾ ಹರಕೆ?”

“ಕರು ಉಳೀತು ತಾನೆ? ಏನಾರ ಕೊಡ್ಬೇಕು ಅಂತ ಇತ್ತು, ಈಗ ಕೊಟ್ಟೆ. ತಡ ಆದ್ರೆ ದ್ಯಾವ್ರು ಈಸ್ಕಳಲ್ವಾ?” ಅವ್ವ ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತ ಹೇಳಿದಳು. “ನೀನು ದ್ಯಾವ್ರಿಲ್ಲ ಅಂತ ಯೋಳಿ ನನ್ನ ಕಳುಸ್ಬೇಕು ಅಂತಿದ್ದೆ. ದ್ಯಾವ್ರಿಲ್ಲ ಅಂದ್ರೆ ನಿಮ್ಮಜ್ಜಿ ಕಳುಸ್ತಿದ್ಲಾ ಮಗಾ?”

ತಾಲೂಕು ಸ್ಪರ್ಧೆಯಲ್ಲಿ ನಾನು ಈ ಕಥೆಯನ್ನೇ ಹೇಳಿದೆ. ಕಿಚ್ಚು ಹಾಯ್ದ ಟ್ರಾಕ್ಟರಿನಿಂದ ಶುರು ಮಾಡಿ ಸಭೆಯನ್ನು ನಗಿಸಿ, ಕೊನೆಗೆ ಗಂಟಲು ಏರಿಸಿದೆ: ಒಬ್ಬ ಹೆಂಗಸು ಎರಡು ಅಕ್ಷರ ಕಲಿಯಲು ಮನೆಯವರನ್ನಲ್ಲ, ಒಲೆಯನ್ನು ಅಪ್ಪಣೆ ಕೇಳಬೇಕಾದ ಸಮಾಜ ಇದ್ದಲ್ಲೇ ನಿಂತಿದೆಯೋ ಇಲ್ಲವೋ ನೀವೇ ಹೇಳಿ. ಚಪ್ಪಾಳೆ ಬಿತ್ತು. ಆಮೇಲೆ ಎದುರು ಪಕ್ಷದ ಪರವಾಗಿ, ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ವರ್ಗವಾಗಿ ಬಂದಿದ್ದವರ ಮಗಳೊಬ್ಬಳು ಎದ್ದು ನಿಂತಳು. ಎರಡು ಜಡೆ, ಮೆಲು ದನಿ.

“ನನಗೆ ಒಂದೇ ಪ್ರಶ್ನೆ. ಅವರ ತಾಯಿ ಪಾಂಡವಪುರಕ್ಕೆ ಬಂದರೋ ಇಲ್ಲವೋ? ಅಷ್ಟು ಹೇಳಲಿ, ನಾನು ಕೂತುಕೊಳ್ಳುತ್ತೇನೆ.”

ಬಂದಿದ್ದರು. ಬಂದಿದ್ದರು ಎಂದೇ ಹೇಳಬೇಕಾಯಿತು. ನನಗೆ ಎರಡನೇ ಬಹುಮಾನ. ಆ ಹುಡುಗಿಯೊಂದಿಗೆ ನಾನು ಇವತ್ತಿಗೂ ಮನಸ್ಸಿನಲ್ಲಿ ವಾದ ಮಾಡುತ್ತಿರುತ್ತೇನೆ. ಆಮೇಲೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವಾಗ, ಧರ್ಮ ಜನರನ್ನು ಒಟ್ಟಿಗೆ ಹಿಡಿದಿಡುವ ಅಂಟು ಎನ್ನುವವರೂ ಸಿಕ್ಕರು, ಮೇಲಿರುವವರು ಜಡಿದ ಬೀಗ ಎನ್ನುವವರೂ ಸಿಕ್ಕರು. ಇಬ್ಬರಿಗೂ ನಮ್ಮ ಅಡುಗೆಮನೆ ತೋರಿಸಬೇಕು ಎನ್ನಿಸುತ್ತಿತ್ತು. ತಾತನ ಸೋಮವಾರ ಬೀಗವೇ ಆಗಿತ್ತು, ಅನುಮಾನವಿಲ್ಲ. ಅವ್ವ ಅದನ್ನು ಒಡೆಯದೆ ಅದರ ಕೀಲಿಕೈಯನ್ನೇ ಮಾಡಿಸಿಕೊಂಡಳು. ಆದರೂ ನನ್ನ ತಕರಾರು ನಿಂತಿಲ್ಲ. ಗೌರಿಗೆ ಸುಸೂತ್ರವಾಗಿ ಹೆರಿಗೆಯಾಗಿದ್ದರೆ? ಹಸುವಿನ ಕಷ್ಟದ ಮೇಲೆ ನಿಂತ ಹಕ್ಕು ಎಂಥ ಹಕ್ಕು? ಈ ಪ್ರಶ್ನೆಗೆ ಅವ್ವನ ಉತ್ತರ, ‘ಗೌರಿ ಇಲ್ದಿದ್ರೆ ನಿಮ್ಮಜ್ಜಿ ಮಂಡಿ ಇತ್ತಲ್ಲ, ಅದ್ಕೆ ಒತ್ಕತಿದ್ದೆ.’

ಸೋಮವಾರದ ತಣ್ಣನೆಯ ಒಲೆ ಬೀದಿಯಲ್ಲಿ ಬೇಗ ಹಬ್ಬಿತು. ಕೆಲವರಿಗೆ ಹರಕೆ, ಕೆಲವರಿಗೆ ಪಕ್ಕದ ಮನೆಯವರಿಗಿಂತ ನಮ್ಮ ಭಕ್ತಿ ಕಡಿಮೆಯೇ ಎಂಬ ಪೈಪೋಟಿ. ಗಂಡಸರು ಮೊದಮೊದಲು ಗೊಣಗಿದರು, ಆಮೇಲೆ ಅಂಬಲಿಗೆ ನಂಚಿಕೊಳ್ಳಲು ಯಾರ ಮನೆಯ ಉಪ್ಪಿನಕಾಯಿ ಮೇಲು ಎಂದು ಜಗಲಿಯಲ್ಲಿ ಚರ್ಚೆ ಶುರುವಿಟ್ಟುಕೊಂಡರು. ಅಜ್ಜಿ ಕೆಲವು ವಾರ ಮುಖ ಊದಿಸಿಕೊಂಡಿದ್ದಳು. ಒಂದು ಸೋಮವಾರ ಅವಳೂ ಚಪ್ಪಲಿ ಮೆಟ್ಟಿಕೊಂಡು ಮೇಲಿನ ಬೀದಿಯ ಗೆಳತಿಯ ಮನೆಗೆ ಹೋಗಿ, ಹೊತ್ತು ಇಳಿಯುವವರೆಗೆ ಹರಟೆ ಹೊಡೆದು, ಬಾಯಿ ಕೆಂಪಗೆ ಮಾಡಿಕೊಂಡು ಬಂದಳು. ಅವ್ವ ಕಲಿತು ಮುಗಿಸಿದಳು. ಊರಿಗೆ ಡೈರಿ ಬಂತು. ಹಾಲು ತಂದವರೆಲ್ಲ ಅವ್ವನ ಗಾಜಿನ ಕೊಳವೆಯ ಮುಂದೆ ಉಸಿರು ಹಿಡಿದು ನಿಲ್ಲುತ್ತಿದ್ದರು; ಬೆಳಗ್ಗೆ ಅವ್ವ ಎಲ್ಲಿ ಎಂದು ಈಗ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ, ಅಲ್ಲಿಯವರೆಗೆ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಚಿಕ್ಕಪ್ಪನಿಗೆ ಮದುವೆಯಾಯಿತು. ಕಿಕ್ಕೇರಿಯ ಕಡೆಯ ಹುಡುಗಿ, ಪಿಯುಸಿ ಓದಿದ್ದಳು, ಅತ್ತೆಯ ಮನೆಯಲ್ಲಿ ಒಳ್ಳೆಯ ಹೆಸರು ತೆಗೆದುಕೊಳ್ಳುವ ಆತುರ. ಮೊದಲ ಸೋಮವಾರ ಎಲ್ಲರಿಗಿಂತ ಮುಂಚೆ ಎದ್ದು, ಒಲೆಗೆ ಸೌದೆ ಒಟ್ಟಿ, ಕಾಫಿಗೆ ನೀರಿಟ್ಟು ಕಡ್ಡಿ ತೆಗೆದಿದ್ದಳು. ಅಜ್ಜಿ ಮಂಡಿನೋವು ಮರೆತು ಓಡಿ ಬಂದಳು.

“ಅಯ್ಯಯ್ಯೋ, ಬುಡಮ್ಮಿ ಬುಡು! ಇವತ್ತು ಸೋಮ್ವಾರ. ನಮ್ಮ ವಂಶದಲ್ಲಿ ಯಾರೂ ಸೋಮ್ವಾರ ಒಲೆ ಅಚ್ಚಿದೋರಲ್ಲ. ನಮ್ಮತ್ತೆ ಕಾಲ್ದಲ್ಲೂ ಇಲ್ಲ, ಅವ್ರತ್ತೆ ಕಾಲ್ದಲ್ಲೂ ಇಲ್ಲ. ತಲತಲಾಂತರದಿಂದ ಬಂದಿರೋ ಪದ್ಧತಿ ಕಣವ್ವ ಇದು.”

ನಾನು ಅಲ್ಲೇ ಇದ್ದೆ. ಆಕ್ಷೇಪಣೆ ನಾಲಿಗೆಯ ತುದಿಗೆ ಬಂದಿತ್ತು. ಅವ್ವ ನನ್ನ ತೋಳಿನ ಮಾಂಸ ಹಿಡಿದು ಜಿಗುಟಿದಳು, ಅಜ್ಜಿಗೆ ಕಾಣದಂತೆ. ಹೊಸ ಚಿಕ್ಕಮ್ಮ ಹೆದರಿ ಸೌದೆ ಈಚೆಗೆ ಎಳೆಯುತ್ತ ಕೇಳಿದಳು:

“ಗೊತ್ತಿರ್ಲಿಲ್ಲ ಅತ್ತೆ, ತಪ್ಪಾಯ್ತು. ಅಂಗಾರೆ ಸೋಮ್ವಾರ ನಾನೇನು ಮಾಡ್ಲಿ?”

ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಏನ್ ಮಾಡ್ಲಿ ಅಂದ್ರೆ? ಪಾಂಡವಪುರಕ್ಕೋಗಿ ಏನಾರ ಕಲ್ತ್ಕಂಡು ಬಾ. ನಮ್ಮ ಮನೆ ಸೊಸೇರು ಯಾವತ್ತು ಸುಮ್ಕೆ ಕುಂತವ್ರೆ?”